ಮಕ್ಕಳೊಂದಿಗೆ ಅಟ್ಲಾಂಟಿಕ್ ದಾಟಲು ದೊಡ್ಡ ಹಡಗೋ, ಹಾಯಿದೋಣಿಯೋ?

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಕ್ವೀನ್ ಮೇರಿ 2 ಹಡಗಿನಲ್ಲಿ ಸಾಮಾನ್ಯವಾಗಿ 7 ರಾತ್ರಿಗಳ ಪಯಣ. ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹಾಯಿದೋಣಿಯಲ್ಲಿ ಹೊರಟರೆ ಸುಮಾರು 3 ವಾರ, ಅದೂ ದೋಣಿಯನ್ನು ಪಶ್ಚಿಮಕ್ಕೆ ತಳ್ಳುವ ವಾಣಿಜ್ಯ ಮಾರುತ ಕೈಕೊಡದಿದ್ದರೆ.

ಹಡಗಿನಲ್ಲಿ ಅಡುಗೆಗೆ ಜನರಿದ್ದಾರೆ, ವೈದ್ಯರಿದ್ದಾರೆ, ಮಕ್ಕಳಿಗೆ ಆಟದ ಕೋಣೆಯಿದೆ. ಪಶ್ಚಿಮಕ್ಕೆ ಸಾಗುವಾಗ ಹೆಚ್ಚಿನ ರಾತ್ರಿಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ದೊಡ್ಡವರಿಗೆ ಅದು ಹೆಚ್ಚುವರಿ ನಿದ್ದೆ. ಮಕ್ಕಳು ಮಾತ್ರ ನಸುಕಿಗೇ ಎದ್ದು ಕೂರುತ್ತಾರೆ.

ದೋಣಿಯಲ್ಲಿ ಎಲ್ಲವೂ ನಿಮ್ಮ ತಲೆಯ ಮೇಲೆಯೇ. ಹಗಲಿರುಳು ಯಾರಾದರೊಬ್ಬರು ಕಾವಲಿರಬೇಕು. ಇಬ್ಬರೇ ದೊಡ್ಡವರಿದ್ದರೆ ಮೂರು-ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಾಗುತ್ತದೆ, ಗಂಡ ಹೆಂಡತಿ ಮುಖ ನೋಡುವುದೇ ಊಟದ ಹೊತ್ತಿಗೆ. ದೋಣಿ ವಾಲಿದರೂ ಪಾತ್ರೆ ಚೆಲ್ಲದಂತೆ ಒಲೆಯೇ ತೂಗಾಡುತ್ತದೆ. ತಟ್ಟೆಯ ಬದಲು ಆಳವಾದ ಬಟ್ಟಲು ಬೇಕು. ಸಿಹಿನೀರು ಅಳತೆಯದು, ಹಾಗಾಗಿ ಪಾತ್ರೆಗಳಿಗೆ ಮೊದಲ ತೊಳೆತ ಕಡಲ ನೀರಿನಲ್ಲೇ. ಗೊನೆಯ ಬಾಳೆಹಣ್ಣು ಒಂದೇ ಸಲಕ್ಕೆ ಮಾಗಿ, ಎರಡು ದಿನ ಮೂರು ಹೊತ್ತೂ ಅದೇ! ಮಕ್ಕಳು ಡೆಕ್ಕಿಗೆ ಬಂದರೆ ಮೈಗೆ ಕಟ್ಟಿದ ಸುರಕ್ಷತಾ ಪಟ್ಟಿಯನ್ನು ದೋಣಿಗೆ ಸಿಕ್ಕಿಸಲೇಬೇಕು. ಇದರಲ್ಲಿ ರಾಜಿ ಬೇಡ.

ವಾಕರಿಕೆ ಎರಡರಲ್ಲೂ ಬರಬಹುದು, ದೋಣಿಯಲ್ಲಿ ಮೊದಲ ದಿನಗಳು ಹೆಚ್ಚು ಕಠಿಣ.

ಅಂಬೆಗಾಲಿಡುವ ಕೂಸಿದ್ದರೆ ಕಣ್ಣುಮುಚ್ಚಿ ಹಡಗನ್ನೇ ಆರಿಸಿ. ಮಕ್ಕಳು ಹತ್ತರ ಆಸುಪಾಸಿನವರಾಗಿದ್ದು, ನಿಮಗೆ ಕಡಲಿನ ಅನುಭವವಿದ್ದರೆ ನನ್ನ ಮತ ದೋಣಿಗೆ. ಆದರೆ ಪಾಳಿಗೆ ಮೂರನೆಯ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಚಂಡಮಾರುತದ ಕಾಲ ಮುಗಿಯುವ ನವೆಂಬರ್ ಕೊನೆಯವರೆಗೆ ಕಾಯಿರಿ.