ಸಿದ್ಧ ನೇಟಿವ್ ಲೈಬ್ರರಿಗಳ ಜೋಡಣೆ: ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ನ ದೀರ್ಘ ಬಳಕೆಯ ವಿಮರ್ಶೆ

ಕೊಡಗಿನ ಕಾಫಿ ತೋಟಗಳಿಗಾಗಿ ನಾವು ನಿರ್ವಹಿಸುತ್ತಿರುವ ಆ್ಯಪ್, ಎಲೆಯ ಫೋಟೋ ನೋಡಿ ತುಕ್ಕು ರೋಗದ ಕಲೆಗಳನ್ನು ಗುರುತಿಸುತ್ತದೆ. ಕೊಯ್ಲಿನ ಸಂಜೆ ಪ್ರತಿಯೊಬ್ಬ ಕಾರ್ಮಿಕರ ಹಣ್ಣಿನ ತೂಕವನ್ನು ತೂಕದ ಯಂತ್ರದಿಂದ ಬ್ಲೂಟೂತ್ ಮೂಲಕ ಪಡೆದು ದಾಖಲಿಸುತ್ತದೆ. ಮಳೆಗಾಲದಲ್ಲಿ ಸೋಮವಾರಪೇಟೆಯ ಒಳಭಾಗಗಳಲ್ಲಿ ಕರೆಂಟಿನ ಜೊತೆಗೆ ನೆಟ್‌ವರ್ಕ್ ಕೂಡ ಹೋಗುವುದರಿಂದ ಇದೆಲ್ಲವೂ ಫೋನಿನೊಳಗೇ ನಡೆಯಬೇಕು. ಹಾಗಾಗಿ ಚಿತ್ರಗಳನ್ನು ವಿಶ್ಲೇಷಿಸುವ ಓಪನ್‌ಸಿವಿಯನ್ನೂ ಯಂತ್ರದ ತಯಾರಕರು ಕೊಟ್ಟ ಸಿದ್ಧ ಲೈಬ್ರರಿಯನ್ನೂ ಬಿಲ್ಡ್‌ಗೆ, ಅಂದರೆ ಆ್ಯಪ್ ಕಟ್ಟುವ ಪ್ರಕ್ರಿಯೆಗೆ, ಜೋಡಿಸಿದೆವು. ಇವೆರಡೂ ನೇಟಿವ್ ಲೈಬ್ರರಿಗಳು, ಅಂದರೆ ಫೋನಿನ ಪ್ರೊಸೆಸರ್ ನೇರವಾಗಿ ನಡೆಸಬಲ್ಲ ರೂಪಕ್ಕೆ ಮೊದಲೇ ಪರಿವರ್ತಿಸಿದ ಕೋಡ್.

ಆಂಡ್ರಾಯ್ಡ್ ಆ್ಯಪ್‌ಗಳನ್ನು ಕಟ್ಟುವ ಸಾಧನವಾದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ನ 2020ರಲ್ಲಿ ಬಂದ 4.0 ಆವೃತ್ತಿ ಈ ಕೆಲಸವನ್ನು ಬಹಳ ಹಗುರ ಮಾಡಿತು. ಸಿ++ ಕೋಡನ್ನು ಕಟ್ಟುವ ಸಾಧನವಾದ ಸಿಮೇಕ್‌ನಲ್ಲಿ ಇಂಪೋರ್ಟೆಡ್ (ಹೊರಗಿನಿಂದ ಸಿದ್ಧವಾಗಿ ಬಂದದ್ದು) ಎಂದು ಘೋಷಿಸಿದ ಲೈಬ್ರರಿ ಈಗ ತಾನಾಗಿಯೇ ಎಪಿಕೆಯೊಳಗೆ, ಅಂದರೆ ಫೋನಿನಲ್ಲಿ ಅನುಸ್ಥಾಪಿಸುವ ಆ್ಯಪ್ ಕಡತದೊಳಗೆ, ಸೇರುತ್ತದೆ. ಸಿದ್ಧ ಲೈಬ್ರರಿಗಳನ್ನು ಕೈಯಾರೆ ಇಡುವ ಜೆಎನ್‌ಐಲಿಬ್ಸ್ ಫೋಲ್ಡರಿನಲ್ಲಿ ಹಳೆಯ ಪ್ರತಿ ಉಳಿದಿದ್ದರೆ ಮಾತ್ರ ಒಂದೇ ಕಡತ ಎರಡು ಬಾರಿ ಸಿಕ್ಕಿತೆಂದು ಬಿಲ್ಡ್ ನಿಲ್ಲುತ್ತದೆ. ಅದೇ ಆವೃತ್ತಿಯೊಂದಿಗೆ ಬಂದ, ನೇಟಿವ್ ಲೈಬ್ರರಿಗಳನ್ನು ಹಂಚುವ ಪ್ರಿಫ್ಯಾಬ್ ವ್ಯವಸ್ಥೆ ನನಗೆ ಇನ್ನೂ ಮೆಚ್ಚುಗೆಯಾಗಿದೆ, ಏಕೆಂದರೆ ಹೆಡರ್ ಕಡತಗಳೂ (ಲೈಬ್ರರಿಯನ್ನು ಕರೆಯುವ ವಿಧಾನದ ವಿವರಗಳು) ಎಲ್ಲ ಎಬಿಐಗಳ (ಬೇರೆ ಬೇರೆ ಪ್ರೊಸೆಸರ್ ಬಗೆಗಳ) ಲೈಬ್ರರಿಗಳೂ ಎಎಆರ್ ಎಂಬ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ, ಮತ್ತು ಲೈಬ್ರರಿಯ ಸಿ++ ರನ್‌ಟೈಮ್ (ಸಿ++ ಕೋಡ್ ನಡೆಯಲು ಬೇಕಾದ ಮೂಲ ಲೈಬ್ರರಿ) ಆ್ಯಪ್‌ನದಕ್ಕೆ ಹೊಂದದಿದ್ದರೆ ಬಿಲ್ಡ್ ಹಂತದಲ್ಲೇ ದೋಷ ಗೊತ್ತಾಗುತ್ತದೆ. ಓಪನ್‌ಸಿವಿ 4.9.0ರಿಂದ ಮಾವೆನ್ ಸೆಂಟ್ರಲ್ ಎಂಬ ಸಾರ್ವಜನಿಕ ಲೈಬ್ರರಿ ಭಂಡಾರದಲ್ಲಿ ಹೀಗೆಯೇ ದೊರೆಯುತ್ತಿದೆ.

ಪ್ಲಗಿನ್ ಎಚ್ಚರಿಸದ ಒಂದು ಅಪಾಯವಿದೆ. ತೂಕದ ಯಂತ್ರದ ಲೈಬ್ರರಿ 32 ಬಿಟ್‌ನ ಆರ್ಮ್‌ಇಎಬಿಐ-ವಿ7ಎಗೆ ಮಾತ್ರ ಇತ್ತು, ಓಪನ್‌ಸಿವಿ 64 ಬಿಟ್‌ನ ಆರ್ಮ್64-ವಿ8ಎಗೂ ಇತ್ತು. ಬಿಲ್ಡ್ ಯಶಸ್ವಿಯಾಯಿತು; ಲೈನ್ ಮನೆಗಳ (ತೋಟದ ಕಾರ್ಮಿಕರ ವಸತಿಗಳ) ಹಳೆಯ 32 ಬಿಟ್ ಫೋನುಗಳಲ್ಲಿ ಆ್ಯಪ್ ಸರಿಯಾಗಿಯೇ ನಡೆಯಿತು. ಮೇಸ್ತ್ರಿಯವರ ಹೊಸ ಫೋನಿನಲ್ಲಿ ಮಾತ್ರ ತೂಕದ ಪುಟ ತೆರೆದ ಕ್ಷಣವೇ ಅನ್‌ಸ್ಯಾಟಿಸ್‌ಫೈಡ್‌ಲಿಂಕ್‌ಎರರ್, ಅಂದರೆ ಬೇಕಾದ ನೇಟಿವ್ ಲೈಬ್ರರಿ ಸಿಗಲಿಲ್ಲವೆಂಬ ದೋಷ, ಬಂತು. 64 ಬಿಟ್ ಫೋನು ಎಪಿಕೆಯಲ್ಲಿ ಆರ್ಮ್64 ಫೋಲ್ಡರನ್ನು ಕಂಡರೆ ಅದನ್ನೇ ಆಯ್ದುಕೊಳ್ಳುತ್ತದೆ, ಅಲ್ಲಿಲ್ಲದ ಲೈಬ್ರರಿಗಾಗಿ 32 ಬಿಟ್ ಫೋಲ್ಡರಿಗೆ ಹೋಗುವುದಿಲ್ಲ. ಯಾವ ಎಬಿಐಗಳು ಎಪಿಕೆಗೆ ಸೇರಬೇಕೆಂದು ಆಯುವ ಎಬಿಐ ಫಿಲ್ಟರ್‌ನಿಂದ ಆರ್ಮ್64ಅನ್ನು ಕೈಬಿಡುವುದೂ ಪರಿಹಾರವಲ್ಲ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ 64 ಬಿಟ್ ಲೈಬ್ರರಿಗಳನ್ನೂ ಕಡ್ಡಾಯಗೊಳಿಸಿದೆ. ಇಂತಹ ಕೊರತೆಯನ್ನು ಪ್ಲಗಿನ್ ಬಿಲ್ಡ್ ಸಮಯದಲ್ಲೇ ತೋರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ತಯಾರಕರು ಕೊನೆಗೆ 64 ಬಿಟ್ ಪ್ರತಿಯನ್ನು ಕೊಟ್ಟರು. ಆದರೆ ಆಂಡ್ರಾಯ್ಡ್ 15ಅನ್ನು ಗುರಿಯಾಗಿಸಿದ ಆ್ಯಪ್‌ಗಳು 2025ರ ನವೆಂಬರ್‌ನಿಂದ 16 ಕೆಬಿ ಪುಟ ಗಾತ್ರವನ್ನು (ಫೋನು ಮೆಮೊರಿಯನ್ನು ಹಂಚುವ ತುಂಡಿನ ಗಾತ್ರ) ಬೆಂಬಲಿಸಬೇಕೆಂದು ಗೂಗಲ್ ಪ್ಲೇ ನಿಯಮ ಮಾಡಿದಾಗ ಆ ಪ್ರತಿಯೂ ನಿರುಪಯುಕ್ತವಾಯಿತು. ನಮ್ಮದೇ ಸಿ++ ಭಾಗಕ್ಕೆ ಆಂಡ್ರಾಯ್ಡ್‌ನ ನೇಟಿವ್ ಕೋಡ್ ಕಟ್ಟುವ ಸಾಧನಗಳ ಗುಂಪಾದ ಎನ್‌ಡಿಕೆಯ ಆರ್28 ಆವೃತ್ತಿ ಸಾಕಾಯಿತು, ಅದು ನಾವು ಕೇಳದೆಯೇ 16 ಕೆಬಿ ಅಲೈನ್‌ಮೆಂಟ್‌ನಲ್ಲಿ, ಅಂದರೆ ಆ ಪುಟ ಗಾತ್ರಕ್ಕೆ ಹೊಂದುವಂತೆ, ಲಿಂಕ್ ಮಾಡುತ್ತದೆ (ಕೋಡಿನ ತುಂಡುಗಳನ್ನು ಒಂದು ಲೈಬ್ರರಿಯಾಗಿ ಜೋಡಿಸುತ್ತದೆ). 4 ಕೆಬಿಗೆ ಲಿಂಕ್ ಆಗಿ ಬಂದ ಸಿದ್ಧ ಲೈಬ್ರರಿಯನ್ನಾದರೋ ಮೂಲ ಕೋಡ್ ಇರುವವರೇ ಮತ್ತೆ ಲಿಂಕ್ ಮಾಡಬೇಕು, ಮತ್ತು ಈ ಬಾರಿ ತಯಾರಕರಿಂದ ಉತ್ತರ ಬರಲಿಲ್ಲ.

ಜೋಡಣೆಯ ವ್ಯವಸ್ಥೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮೂಲ ಕೋಡ್ ಅಥವಾ ನಿಯಮಿತ ಆವೃತ್ತಿಗಳ ಭರವಸೆಯಿಲ್ಲದ ಲೈಬ್ರರಿಯನ್ನು ನಾವು ಈಗ ಸೇರಿಸುತ್ತಿಲ್ಲ. ತೂಕದ ಯಂತ್ರದ ಬ್ಲೂಟೂತ್ ಸಂವಹನವನ್ನು ನೇಟಿವ್ ಲೈಬ್ರರಿಯ ಬದಲು ಕಾಟ್ಲಿನ್ ಭಾಷೆಯಲ್ಲಿ ನಾವೇ ಬರೆದುಕೊಂಡಿದ್ದೇವೆ.