ಡ್ರುಪಲ್ ಬಿಟ್ಟು ವರ್ಡ್‌ಪ್ರೆಸ್‌ಗೆ: ಒಂದೂವರೆ ವರ್ಷ ಬಳಸಿದ ಮೇಲೆ

ನಮ್ಮದು ಯಂತ್ರಗಳ ಬಿಡಿಭಾಗ ಮಾರುವ ಸಣ್ಣ ವ್ಯವಹಾರ. ನಾನೂರಕ್ಕೂ ಹೆಚ್ಚು ಪುಟಗಳ ವೆಬ್‌ಸೈಟ್ ಡ್ರುಪಲ್ 7ರಲ್ಲಿತ್ತು. ಡ್ರುಪಲ್, ವರ್ಡ್‌ಪ್ರೆಸ್ ಎರಡೂ ವೆಬ್‌ಸೈಟ್ ಕಟ್ಟಿ ನಿರ್ವಹಿಸುವ ತಂತ್ರಾಂಶಗಳು. 2011ರಲ್ಲಿ ಬಂದ ಆ ಆವೃತ್ತಿಗೆ 2025ರ ಜನವರಿ 5ರ ನಂತರ ಬೆಂಬಲ ಇಲ್ಲ ಎಂದು ಡ್ರುಪಲ್ ತಂಡದವರು ಮೊದಲೇ ಸಾರಿದ್ದರು. ಅವರು ಗಡುವನ್ನು ಮತ್ತೆ ಮತ್ತೆ ಮುಂದೂಡಿದ್ದರು, ನಾನೂ ಅವರ ಜೊತೆ ಮುಂದೂಡುತ್ತಾ ಬಂದಿದ್ದೆ. ಡ್ರುಪಲ್‌ನಲ್ಲೇ ಇರಬಹುದಿತ್ತಲ್ಲ ಅನ್ನಬಹುದು. ಆದರೆ 8ರಿಂದಾಚೆಗೆ ಅದರ ಒಳರಚನೆಯೇ ಬೇರೆ. ಥೀಮ್ (ಸೈಟ್‌ನ ಹೊರನೋಟದ ವಿನ್ಯಾಸ) ಹೊಸದಾಗಿ ಬರೆಯಬೇಕು, ವಿಷಯವನ್ನೆಲ್ಲ ಹೊತ್ತು ಸಾಗಿಸಬೇಕು. ಹೇಗೂ ಮನೆ ಖಾಲಿ ಮಾಡುವುದೇ ಆದರೆ ಬೇರೆ ಮನೆ ನೋಡೋಣ ಅಂತ 2024ರ ಮಧ್ಯದಲ್ಲಿ ವರ್ಡ್‌ಪ್ರೆಸ್‌ಗೆ ಬಂದೆವು.

ಬರಹ, ಚಿತ್ರಗಳು ಎರಡು ವಾರಾಂತ್ಯಗಳಲ್ಲಿ ಬಂದುಬಿಟ್ಟವು. ಹೈರಾಣಾಗಿಸಿದ್ದು ವಿಳಾಸಗಳು. ಡ್ರುಪಲ್‌ನಲ್ಲಿ ಒಂದು ಪುಟ ಅಂದವಾದ ಹೆಸರಿನಲ್ಲೂ ತೆರೆಯುತ್ತದೆ, ‘ನೋಡ್’ ಎಂಬ ಪದದ ಮುಂದೆ ಸಂಖ್ಯೆ ಹಾಕಿದರೂ ತೆರೆಯುತ್ತದೆ. ನಾನು ಮೊದಲನೆಯದಕ್ಕೆ ಮಾತ್ರ 301 (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಮರುನಿರ್ದೇಶನ) ಬರೆದೆ. ಹಳೆಯ ಗ್ರಾಹಕರ ಮೇಲ್‌ಗಳಲ್ಲಿ ಇದ್ದದ್ದು ಎರಡನೆಯದು! ಪಿಡಿಎಫ್ ಕ್ಯಾಟಲಾಗ್‌ಗಳ ವಿಷಯದಲ್ಲಿ ಮಾತ್ರ ಬುದ್ಧಿ ಓಡಿತು: ಡ್ರುಪಲ್ ಕಡತಗಳನ್ನು ಇಡುತ್ತಿದ್ದ ಫೋಲ್ಡರನ್ನು ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಉಳಿಸಿಕೊಂಡೆ. ಒಂದು ಲಿಂಕೂ ಮುರಿಯಲಿಲ್ಲ.

ಕನ್ನಡ ಪುಟಗಳದ್ದು ಇನ್ನೊಂದು ತಕರಾರು. ಶೀರ್ಷಿಕೆಯಿಂದ ಹುಟ್ಟುವ ವಿಳಾಸಕ್ಕೆ ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ 200 ಅಕ್ಷರಗಳ ಮಿತಿ ಇದೆ. ಕನ್ನಡದ ಒಂದು ಚಿಹ್ನೆಗೆ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತು ಸೇರಿ 3 ಅಕ್ಷರ ತಿನ್ನುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ 9, ಇಪ್ಪತ್ತೆರಡು ಚಿಹ್ನೆ ಆಗುತ್ತಲೇ ಕತ್ತರಿ. ಗುಣಿತ, ಅನುಸ್ವಾರ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲವೂ ಬೇರೆ ಬೇರೆ ಲೆಕ್ಕ. ‘ಬೇರಿಂಗ್’ ಒಂದೇ ಏಳು ನುಂಗುತ್ತದೆ. ಅರ್ಧಕ್ಕೇ ತುಂಡಾದ ವಿಳಾಸಗಳನ್ನೆಲ್ಲ ಕೈಯಾರೆ ಚಿಕ್ಕದು ಮಾಡಿದೆ.

ಪಾಸ್‌ವರ್ಡ್‌ಗಳು ಬರಲಿಲ್ಲ, ಎರಡೂ ಕಡೆ ಗೂಢೀಕರಿಸುವ ಕ್ರಮ ಬೇರೆ. ಡೀಲರ್‌ಗಳಿಗೆಲ್ಲ ಹೊಸದು ಇಟ್ಟುಕೊಳ್ಳಿ ಅಂತ ಮೇಲ್ ಕಳಿಸಿದೆವು, ಅಷ್ಟೆ.

ಅತಿ ದೊಡ್ಡ ಎಡವಟ್ಟು ನನ್ನದೇ. ಪರೀಕ್ಷೆಯ ಹೊತ್ತಿನಲ್ಲಿ, ಸರ್ಚ್ ಎಂಜಿನ್‌ಗಳು ಇತ್ತ ಬರಬೇಡಿ ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದೆ. ಸೈಟ್ ಬದಲಿಸಿದ ದಿನ ಅದನ್ನು ತೆಗೆಯಲು ಮರೆತೆ. ಒಂಬತ್ತು ದಿನ ಆದಮೇಲೆ, ನಮ್ಮ ಹೆಸರು ಹುಡುಕಿದರೆ ನಾವೇ ಸಿಗುತ್ತಿಲ್ಲವಲ್ಲ ಅಂತ ಗ್ರಾಹಕರೊಬ್ಬರು ಫೋನ್ ಮಾಡಿದರು.

ಈಗ ದಿನನಿತ್ಯದ ಬಳಕೆಗೆ ಬರೋಣ. ಉತ್ಪನ್ನದ ವಿವರ ಬರೆಯುವ ನಮ್ಮ ಸಹೋದ್ಯೋಗಿ ಮೊದಲು ಒಂದು ಸಾಲು ತಿದ್ದಲೂ ನನ್ನನ್ನು ಕರೆಯುತ್ತಿದ್ದರು. ಪುಟವನ್ನು ತುಂಡು ತುಂಡಾಗಿ ಜೋಡಿಸುವ ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರನ್ನು ಮೊದಲ ತಿಂಗಳು ಶಪಿಸಿದರು. ಈಗ ಪುಟ ಅವರೇ ಕಟ್ಟುತ್ತಾರೆ, ನನಗೆ ಗೊತ್ತಾಗುವುದು ಪ್ರಕಟವಾದ ಮೇಲೆ. ಬದಲಾವಣೆಗೆ ಪಟ್ಟ ಪಾಡೆಲ್ಲ ಇದೊಂದಕ್ಕೇ ಸಾರ್ಥಕ.

ಆದರೆ ಯಾವ ಭಾಗ ಯಾವ ಯಂತ್ರಕ್ಕೆ ಹೊಂದುತ್ತದೆ ಅನ್ನುವ ಸಂಬಂಧವನ್ನು ಡ್ರುಪಲ್‌ನಲ್ಲಿ ಫೀಲ್ಡ್ (ಮಾಹಿತಿ ತುಂಬುವ ಖಾನೆ), ವ್ಯೂಸ್ (ಆ ಮಾಹಿತಿಯಿಂದ ಪಟ್ಟಿ ಮಾಡುವ ಸಾಧನ) ಇಟ್ಟುಕೊಂಡು ಒಂದು ಸಾಲು ಕೋಡ್ ಬರೆಯದೆ ಕಟ್ಟಿದ್ದೆ. ಇಲ್ಲಿ ಅದಕ್ಕೊಂದು ಪ್ಲಗಿನ್ (ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ), ವರ್ಷಕ್ಕೊಮ್ಮೆ ಶುಲ್ಕ. ಆರರಿಂದ ಶುರುವಾದ ಪ್ಲಗಿನ್‌ಗಳು ಈಗ ಹತ್ತೊಂಬತ್ತು. ಒಂದು ಅಪ್‌ಡೇಟ್ ಆದಮೇಲೆ ವಿಚಾರಣೆ ಫಾರ್ಮ್ ಸದ್ದಿಲ್ಲದೆ ಕೆಟ್ಟಿತು. ನಾಲ್ಕು ದಿನ ಒಂದು ವಿಚಾರಣೆಯೂ ಬರಲಿಲ್ಲ. ವ್ಯಾಪಾರವೇ ಮಂದ ಅಂದುಕೊಂಡು ನಾನು ಆರಾಮಾಗಿದ್ದೆ. ಅಂದಿನಿಂದ ಅಪ್‌ಡೇಟ್‌ಗಳನ್ನು ಮೊದಲು ನಕಲು ಸೈಟ್‌ನಲ್ಲಿ ಹಾಕಿ, ಫಾರ್ಮ್ ನಾನೇ ತುಂಬಿ ನೋಡುತ್ತೇನೆ. ವಾರಕ್ಕೆ ಒಂದು ಗಂಟೆ ಇದಕ್ಕೇ ಮೀಸಲು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಿಮ್ಮ ಸೈಟ್‌ನಲ್ಲಿ ಹೆಣೆದುಕೊಂಡ ಮಾಹಿತಿ ಹೆಚ್ಚಿದ್ದು, ಅದನ್ನು ನೋಡಿಕೊಳ್ಳುವ ತಂತ್ರಜ್ಞರು ಕೈಗೆ ಸಿಗುವಂತಿದ್ದರೆ ಹೊಸ ಡ್ರುಪಲ್‌ಗೇ ಹೋಗಿ. ಬರೆಯುವವರು ಹಲವರು, ತಂತ್ರಜ್ಞರು ಯಾರೂ ಇಲ್ಲ ಅನ್ನುವಂತಿದ್ದರೆ ಇತ್ತ ಬನ್ನಿ.

ಮರುನಿರ್ದೇಶನಗಳನ್ನು ಕನಿಷ್ಠ 1 ವರ್ಷ ಇಟ್ಟುಕೊಳ್ಳಿ ಎಂದು ಗೂಗಲ್ ಹೇಳುತ್ತದೆ. ನಮ್ಮದು ವರ್ಷ ದಾಟಿದೆ. ಆದರೂ ಸರ್ವರ್ ಲಾಗ್ (ಸೈಟ್‌ಗೆ ಬಂದುಹೋದವರ ದಾಖಲೆ) ತೆರೆದರೆ ಆ ಹಳೆಯ ‘ನೋಡ್’ ಸಂಖ್ಯೆ ಹಿಡಿದುಕೊಂಡು ಇವತ್ತಿಗೂ ಯಾರೋ ಬರುತ್ತಿರುತ್ತಾರೆ. ಮರುನಿರ್ದೇಶನಗಳ ಪಟ್ಟಿ ಅಳಿಸಲು ಕೈ ಬರುತ್ತಿಲ್ಲ.