ಪ್ರೇಮದ ಜಗಳ ಚುಕ್ಕಾಣಿಗೆ ಬಂದಾಗ: ಮೂರು ಹಳೆಯ ಕಡಲ ಚಿತ್ರಗಳ ಹೋಲಿಕೆ

ಕಡಲ ಸಾಹಸದ ಸಿನಿಮಾದಲ್ಲಿ ತ್ರಿಕೋನ ಪ್ರೇಮ ಇದೆ ಎಂದ ಕೂಡಲೇ ಒಂದು ಪರೀಕ್ಷೆ ಮಾಡಿ ನೋಡಬೇಕು. ಪ್ರೇಮದ ದೃಶ್ಯಗಳನ್ನೆಲ್ಲ ಕಿತ್ತುಹಾಕಿದರೂ ಆ ಹಡಗು ಮುಳುಗುತ್ತದೆಯೇ? ಮುಳುಗುವುದಾದರೆ ಅಲ್ಲಿ ಪ್ರೇಮ ಬರೀ ಒಗ್ಗರಣೆ. ಮುಳುಗದಿದ್ದರೆ ಕತೆ ಗಟ್ಟಿ. ಈ ಪರೀಕ್ಷೆಗೆ ನಿಲ್ಲುವ ಹಾಲಿವುಡ್ ಚಿತ್ರಗಳು ಕಡಿಮೆ. ಇಲ್ಲಿ ಎತ್ತಿಕೊಂಡಿರುವುದು ಮೂರು: ಪ್ಯಾರಮೌಂಟ್‌ನ 'ರೀಪ್ ದಿ ವೈಲ್ಡ್ ವಿಂಡ್' (1942), ರಿಪಬ್ಲಿಕ್ ಕಂಪನಿಯ 'ವೇಕ್ ಆಫ್ ದಿ ರೆಡ್ ವಿಚ್' (1948), ಎಂಜಿಎಂನ 'ಚೈನಾ ಸೀಸ್' (1935). ಮೊದಲನೆಯದು ಟೆಕ್ನಿಕಲರ್, ಉಳಿದೆರಡು ಕಪ್ಪು-ಬಿಳುಪು. ಮೊದಲೆರಡರಲ್ಲಿ ಜಾನ್ ವೇನ್ ಇದ್ದಾರೆ, ಎರಡರಲ್ಲೂ ಕ್ಯಾಪ್ಟನ್, ಎರಡರಲ್ಲೂ ನೀರಿನಡಿ ಎಂಟು-ಹತ್ತು ಕೈಗಳ ಪ್ರಾಣಿಯೊಂದಿಗೆ ಸೆಣಸಾಟ. ಹಾಗಾಗಿ ಜೋಡಿಸಿ ನೋಡಿದರೆ ಹೋಲಿಕೆ ತಾನಾಗಿ ಮೂಡುತ್ತದೆ.

'ರೀಪ್ ದಿ ವೈಲ್ಡ್ ವಿಂಡ್' ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಮೂರರಲ್ಲಿ ವಸ್ತು ತುಂಬಿರುವುದು ಇದರಲ್ಲೇ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್. ಕಾಲ 1840, ಜಾಗ ಫ್ಲಾರಿಡಾದ ತುದಿಯ ಕೀ ವೆಸ್ಟ್ ಮತ್ತು ಉತ್ತರಕ್ಕಿರುವ ಚಾರ್ಲ್ಸ್‌ಟನ್. ಕೀ ವೆಸ್ಟಿನಲ್ಲಿ ಆಗ ಇದ್ದ ದೊಡ್ಡ ಕಸುಬು ಎಂದರೆ ಹವಳದ ದಿಬ್ಬಕ್ಕೆ ಬಡಿದ ಹಡಗುಗಳ ಜನರನ್ನೂ ಸರಕನ್ನೂ ಎತ್ತಿ ದಡಕ್ಕೆ ತರುವುದು. 1828ರಿಂದಲೇ ಅಲ್ಲಿ ಇಂಥ ವ್ಯಾಜ್ಯಗಳಿಗೆಂದು ಅಮೆರಿಕದ ನ್ಯಾಯಾಲಯ ಕೂತಿತ್ತು. ಮುಳುಗುತ್ತಿರುವ ಹಡಗನ್ನು ಮೊದಲು ಮುಟ್ಟಿದವನೇ ಆ ಕೆಲಸದ ಯಜಮಾನ. ಉಳಿದವರನ್ನು ಸೇರಿಸಿಕೊಳ್ಳುವುದು ಬಿಡುವುದು ಅವನ ಮರ್ಜಿ. ಉಳಿಸಿದ ಸರಕಿನ ಬೆಲೆಯಲ್ಲಿ ಎಷ್ಟು ಪಾಲು ಎಂಬುದನ್ನು ನ್ಯಾಯಾಧೀಶ ತೀರ್ಮಾನಿಸುತ್ತಿದ್ದ. ಈ ನಿಯಮ ತಿಳಿದು ಕೂತರೆ ಚಿತ್ರದ ಆರಂಭದಲ್ಲಿ ದೋಣಿಗಳು ಬಿರುಗಾಳಿಗೂ ಹೆದರದೆ ಒಂದನ್ನೊಂದು ಹಿಂದೆ ಹಾಕಿ ಓಡುವುದು ಏಕೆಂದು ತಟ್ಟನೆ ಅರ್ಥವಾಗುತ್ತದೆ. ತಿಳಿಯದಿದ್ದರೆ ಅದು ಸುಮ್ಮನೆ ಗದ್ದಲ.

ಪಾಲೆಟ್ ಗೊಡಾರ್ಡ್ ಮಾಡಿರುವ ಲಾಕ್ಸಿ ಇಂಥದೇ ಕಸುಬಿನ ಮನೆಯ ಹುಡುಗಿ, ತಾನೇ ದೋಣಿ ನಡೆಸುವವಳು. ಹಡಗು ಕಳೆದುಕೊಂಡ ಕ್ಯಾಪ್ಟನ್ ಜ್ಯಾಕ್ ಸ್ಟುವರ್ಟ್ (ಜಾನ್ ವೇನ್) ಅವಳ ಮನಸ್ಸು ಗೆಲ್ಲುತ್ತಾನೆ. ಚಾರ್ಲ್ಸ್‌ಟನ್‌ನಲ್ಲಿ ಹಡಗು ಕಂಪನಿಯ ವಕೀಲ ಸ್ಟೀಫನ್ ಟಾಲಿವರ್ (ರೇ ಮಿಲ್ಯಾಂಡ್) ಎದುರಾಗುತ್ತಾನೆ: ಗುಂಗುರು ಕೂದಲು, ನಾಜೂಕು ಬಟ್ಟೆ, ಮಡಿಲಲ್ಲಿ ನಾಯಿಮರಿ. ನೋಡುವವರು ಮೊದಲ ಅರ್ಧ ಗಂಟೆ ಇವನನ್ನು ಹಗುರವಾಗಿ ಎಣಿಸುತ್ತಾರೆ, ಡಿಮಿಲ್‌ಗೆ ಬೇಕಾಗಿದ್ದೂ ಅದೇ. ಜಾನ್ ವೇನ್ ಹೆಸರು ನೋಡಿ ಅವರೇ ನಾಯಕ ಎಂದುಕೊಂಡು ಕೂತವರಿಗೆ ಇಲ್ಲಿ ಮೋಸವಾಗುತ್ತದೆ. ಹುಡುಗಿಯೂ ಸಿಗುವುದಿಲ್ಲ, ಪ್ರಾಣವೂ ಉಳಿಯುವುದಿಲ್ಲ.

ಮೊದಲು ಹೇಳಿದ ಪರೀಕ್ಷೆಯಲ್ಲಿ ಈ ಚಿತ್ರ ಪೂರ್ತಿ ಅಂಕ ತೆಗೆದುಕೊಳ್ಳುತ್ತದೆ. ತನ್ನ ಕೆಲಸಕ್ಕೂ ಪ್ರೇಮಕ್ಕೂ ಟಾಲಿವರ್ ಅಡ್ಡಗಾಲು ಹಾಕಿದನೆಂಬ ಹೊಟ್ಟೆಕಿಚ್ಚಿನಲ್ಲಿ ಜ್ಯಾಕ್ ಹಡಗು ಒಡೆಸುವ ದಂಧೆಯ ಕಿಂಗ್ ಕಟ್ಲರ್ (ರೇಮಂಡ್ ಮ್ಯಾಸಿ) ಜೊತೆ ಕೈಜೋಡಿಸಿ, ಸದರ್ನ್ ಕ್ರಾಸ್ ಎಂಬ ಹಬೆ ಹಡಗನ್ನು ಬೇಕೆಂದೇ ಬಂಡೆಗೆ ಏರಿಸುತ್ತಾನೆ. ಆ ಹಡಗಿನಲ್ಲಿ ಲಾಕ್ಸಿಯ ಸಂಬಂಧಿ ಡ್ರುಸಿಲಾ (ಸೂಸನ್ ಹೇವರ್ಡ್) ಕದ್ದು ಕೂತಿರುವುದು ಅವನಿಗೆ ಗೊತ್ತೇ ಇಲ್ಲ. ಆಮೇಲೆ ನ್ಯಾಯಾಲಯದಲ್ಲಿ ಒಂದೇ ಪ್ರಶ್ನೆ: ಒಡೆದ ಹಡಗಿನೊಳಗೆ ಹೆಣ್ಣೊಬ್ಬಳು ಸತ್ತಳೇ? ಉತ್ತರ ಹುಡುಕಲು ಒಬ್ಬಳನ್ನೇ ಬಯಸಿದ ಆ ಇಬ್ಬರೂ ತಾಮ್ರದ ಹೆಲ್ಮೆಟ್ ಹಾಕಿಕೊಂಡು ನೀರಿಗಿಳಿಯುತ್ತಾರೆ. ಚಿತ್ರಕತೆ ಇಷ್ಟು ಬಿಗಿಯಾಗಿ ಹೆಣೆದುಕೊಳ್ಳುವುದು ಡಿಮಿಲ್ ಚಿತ್ರಗಳಲ್ಲಿ ಅಪರೂಪವೇ.

ಈ ಹೆಲ್ಮೆಟ್ 1840ಕ್ಕೆ ಹೊಂದುತ್ತದೆಯೇ ಎಂಬ ಅನುಮಾನ ಬೇಡ. ಲಂಡನ್ನಿನ ಆಗಸ್ಟಸ್ ಸೀಬ್ ರೂಪಿಸಿದ ಮುಚ್ಚಿದ ಡೈವಿಂಗ್ ಉಡುಪು 1830ರ ದಶಕದಲ್ಲೇ ಇತ್ತು. ಬ್ರಿಟನ್ನಿನ ರಾಯಲ್ ಜಾರ್ಜ್ ಹಡಗಿನ ಅವಶೇಷ ಎತ್ತಲು 1839ರಿಂದ ಅದನ್ನೇ ಬಳಸಿದ್ದರು. ಹೊಂದದಿರುವುದು ಪ್ರಾಣಿ. ಮಂಗಳೂರು, ಮಲ್ಪೆ ಕಡೆಯವರು ಬೊಂಡಾಸ್ ಎಂದು ಕರೆಯುವ ಜೀವಿಯ (ಸ್ಕ್ವಿಡ್) ದೈತ್ಯ ರೂಪ ಅದು. ನಿಜದಲ್ಲಿ ಅಂಥದು ಇರುವುದು ನೂರಾರು ಮೀಟರ್ ಆಳದ ಕತ್ತಲಲ್ಲಿ. ಹವಳದ ದಿಬ್ಬದ ಪಕ್ಕದ ಆಳವಿಲ್ಲದ ನೀರಿನಲ್ಲಿ ಮುರುಕು ಹಡಗಿನೊಳಗೆ ಬಿಡಾರ ಹೂಡುವುದಿಲ್ಲ. ಆದರೂ ಆ ದೃಶ್ಯ ಇವತ್ತಿಗೂ ನಡೆಯುತ್ತದೆ. ರಬ್ಬರಿನ ಮೈ, ಒಳಗೆ ವಿದ್ಯುತ್ ಮೋಟಾರು, ಹೊರಗಿನಿಂದ ನಿಯಂತ್ರಣ. ಕೈಗಳು ಎಲ್ಲವೂ ಒಟ್ಟಿಗೆ ಬಡಿದಾಡುವುದಿಲ್ಲ. ಒಂದು ಕೈ ಮೊದಲು ಬಾಗಿಲ ಚೌಕಟ್ಟನ್ನು ತಡವಿ ಬರುತ್ತದೆ, ಇನ್ನೊಂದು ತಡವಾಗಿ ಸುತ್ತಿಕೊಳ್ಳುತ್ತದೆ. ಗೊಂಬೆ ಎಂದು ಗೊತ್ತಿದ್ದರೂ ಮೈ ಜುಮ್ಮೆನ್ನುವುದು ಆ ನಿಧಾನಕ್ಕೆ. ಸೀಸದ ಬೂಟು ತೊಟ್ಟವರು ವೇಗವಾಗಿ ತಿರುಗಲಾರರು, ಓಡಲಂತೂ ಆಗದು. ಉಸಿರಿಗೆ ಇರುವುದು ಮೇಲಿನ ದೋಣಿಯಿಂದ ಇಳಿದ ಒಂದೇ ಕೊಳವೆ. ಹತ್ತು ಮೀಟರ್ ಇಳಿದಂತೆಲ್ಲ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ; ಇಪ್ಪತ್ತು ಮೀಟರಿಗೆ ಮೇಲಿನದಕ್ಕಿಂತ ಮೂರು ಪಟ್ಟು ಗಾಳಿ ಒತ್ತಬೇಕು. ಹಾಗಾಗಿ ಕೊಳವೆ ಯಾವುದಕ್ಕಾದರೂ ಸಿಕ್ಕಿಕೊಂಡರೆ ಮುಗಿಯಿತು. ದೃಶ್ಯದ ಭಯ ಅರ್ಧ ಪ್ರಾಣಿಯದು, ಅರ್ಧ ಆ ಕೊಳವೆಯದು.

ವಿಶೇಷ ಪರಿಣಾಮಗಳಿಗೆ ಈ ಚಿತ್ರಕ್ಕೆ ಆಸ್ಕರ್ ಬಂತು. ಗಾರ್ಡನ್ ಜೆನ್ನಿಂಗ್ಸ್, ಫಾರ್ಸಿಯೊ ಎಡುವಾರ್ಟ್ ಜೊತೆ ಬಹುಮಾನ ಹಂಚಿಕೊಂಡವರಲ್ಲಿ ವಿಲಿಯಂ ಪೆರೇರಾ ಒಬ್ಬರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸಮೆರಿಕಾ ಪಿರಮಿಡ್ ಕಟ್ಟಡ ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಇವರೇ.

ಇನ್ನು ಸೋಲುವ ಕಡೆ. ಮಾದರಿ ಹಡಗುಗಳ ಅಲೆ ನೋಡಿ. ನಿಜ ಹಡಗಿನ ಹದಿನಾರನೇ ಒಂದರಷ್ಟು ಗಾತ್ರದ ಮಾದರಿ ಇಟ್ಟರೆ ಅದರ ಚಲನೆ ನಾಲ್ಕು ಪಟ್ಟು ಚುರುಕಾಗಿ ಕಾಣುತ್ತದೆ (ಗಾತ್ರದ ವರ್ಗಮೂಲದ ಲೆಕ್ಕ). ಅದನ್ನು ಸರಿಪಡಿಸಲು ಸೆಕೆಂಡಿಗೆ 24ರ ಬದಲು 96 ಚೌಕಟ್ಟು (ಫ್ರೇಮ್) ತೆಗೆಯಬೇಕು. ಹಾಗೆ ತೆಗೆದರೆ ಹಡಗಿನ ತೂಗಾಟ ಭಾರವಾಗಿ ಕಾಣುತ್ತದೆ, ನಿಜ. ಆದರೆ ನೀರಿನ ಹನಿ ಮಾತ್ರ ಚಿಕ್ಕದಾಗಲು ಒಪ್ಪುವುದಿಲ್ಲ. ಮಾದರಿಯ ಮೂತಿಗೆ ಬಡಿದ ಅಲೆ ಬುರುಗು ಆಗದೆ ದಪ್ಪ ದಪ್ಪ ಮುತ್ತಿನಂತೆ ಸಿಡಿಯುತ್ತದೆ. ಮೂರೂ ಚಿತ್ರಗಳಲ್ಲಿ ಮಾದರಿ ಯಾವುದು, ನಿಜ ಹಡಗು ಯಾವುದು ಎಂದು ಹಿಡಿಯಲು ಹನಿಯ ಗಾತ್ರ ನೋಡಿದರೆ ಸಾಕು. ಇನ್ನೊಂದು ಕಿರಿಕಿರಿ ಹಿಂಬದಿಯ ಪರದೆ: ನಟರು ಸ್ಟುಡಿಯೋದಲ್ಲಿ, ಸಮುದ್ರ ಹಿಂದಿನ ಪರದೆಯ ಮೇಲೆ. ಟೆಕ್ನಿಕಲರ್‌ಗೆ ವಿಪರೀತ ಬೆಳಕು ಬೇಕಿದ್ದರಿಂದ ಪ್ಯಾರಮೌಂಟಿನವರು ಮೂರು ಪ್ರೊಜೆಕ್ಟರುಗಳ ಚಿತ್ರವನ್ನು ಒಂದರ ಮೇಲೊಂದು ಬೀಳಿಸುತ್ತಿದ್ದರು. ಆದರೂ ಗೊಡಾರ್ಡ್ ಕೂದಲು ಒಂದು ದಿಕ್ಕಿಗೆ ಹಾರುವಾಗ ಹಿಂದಿನ ಹಾಯಿ ಇನ್ನೊಂದು ದಿಕ್ಕಿಗೆ ಉಬ್ಬಿರುವುದು ಕಣ್ಣಿಗೆ ಬೀಳದೆ ಇರದು. ಚಾರ್ಲ್ಸ್‌ಟನ್ನಿನ ನೃತ್ಯಕೂಟ-ಔತಣದ ಭಾಗ ಎಳೆತ. ಗುಲಾಮಗಿರಿಯ ಊರನ್ನು ಅಂಚೆಕಾರ್ಡಿನ ಹಾಗೆ ತೋರಿಸಿರುವುದು ಎಳೆತಕ್ಕಿಂತ ಕೆಟ್ಟದ್ದು.

'ವೇಕ್ ಆಫ್ ದಿ ರೆಡ್ ವಿಚ್' ಇದಕ್ಕೆ ತದ್ವಿರುದ್ಧ. ಹಣ ಕಡಿಮೆ, ಮನಸ್ಸಿನ ಕತ್ತಲು ಜಾಸ್ತಿ. ನಿರ್ದೇಶನ ಎಡ್ವರ್ಡ್ ಲಡ್ವಿಗ್. ಹಡಗು ಮುಳುಗುವುದು ಕೊನೆಯಲ್ಲಲ್ಲ, ಮೊದಲಲ್ಲೇ. ಕ್ಯಾಪ್ಟನ್ ರಾಲ್ಸ್ (ವೇನ್) ಚಿನ್ನದ ಗಟ್ಟಿ ಹೊತ್ತ ರೆಡ್ ವಿಚ್ ಅನ್ನು ತಾನೇ ಬಂಡೆಗೆ ನುಗ್ಗಿಸುತ್ತಾನೆ. ವಿಚಾರಣೆ ನಡುವೆಯೇ ಕೈಬಿಡುತ್ತಾರೆ. ಯಾಕೆ ಎಂಬುದು ತುಂಡು ತುಂಡಾಗಿ ಫ್ಲ್ಯಾಷ್‌ಬ್ಯಾಕ್‌ಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕಾರಣ ಆಂಜೆಲಿಕ್ (ಗೇಲ್ ರಸೆಲ್): ರಾಲ್ಸ್‌ಗೆ ಒಲಿದವಳು, ಮದುವೆಯಾದದ್ದು ವ್ಯಾಪಾರಿ ಸಿಡ್ನೀಯನ್ನು (ಲೂಥರ್ ಆಡ್ಲರ್). ಮೊದಲ ಸಲ ನೋಡುವವರು ದಾರಿ ತಪ್ಪುವುದು ಈ ಕಾಲದ ಜಿಗಿತಗಳಲ್ಲಿ. ಉಪಾಯ ಸುಲಭ: ಗಿಗ್ ಯಂಗ್ ಮಾಡಿರುವ ಸ್ಯಾಮ್ ರೋಸನ್ ಪಕ್ಕದಲ್ಲಿ ಕೇಳುತ್ತಾ ಕೂತಿದ್ದರೆ ಅದು ಈಗಿನ ಕಾಲ, ಸಿಡ್ನೀ ಗಾಲಿಕುರ್ಚಿಯಲ್ಲಿದ್ದರೂ ಈಗಿನ ಕಾಲ, ಆತ ಓಡಾಡಿಕೊಂಡಿದ್ದರೆ ಹಿಂದಿನದು.

ತ್ರಿಕೋನದ ಲೆಕ್ಕದಲ್ಲಿ ಇದೇ ಮೇಲು, ಎರಡು ಮಾತಿಲ್ಲ. 'ರೀಪ್'ನಲ್ಲಿ ಲಾಕ್ಸಿ ಒಬ್ಬನಿಂದ ಇನ್ನೊಬ್ಬನ ಕಡೆಗೆ ಹೊರಳುವುದು ಚಿತ್ರಕತೆಯ ಅನುಕೂಲಕ್ಕೆ. ಇಲ್ಲಿ ಇಬ್ಬರು ವೈರಿಗಳೂ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಸ್ಥಿತಿಗೆ ಬರುತ್ತಾರೆ. ಹೆಣ್ಣು ಸತ್ತ ಮೇಲೂ ಇವರ ಜಗಳ ಸಾಯುವುದಿಲ್ಲ. ಆಡ್ಲರ್ ತಣ್ಣಗೆ ನಗುವಾಗ ವೇನ್ ಎದುರು ನಿಂತು ಸುಮ್ಮನಿರುವುದಿದೆಯಲ್ಲ, ಅದು ಅವರ ಕೌಬಾಯ್ ಪಾತ್ರಗಳಲ್ಲಿ ಹುಡುಕಿದರೂ ಸಿಗದು. ಸಿಡ್ನೀಯ ಕಂಪನಿಯ ಹೆಸರು ಬಾಟ್‌ಜಾಕ್. ಮುಂದೆ ವೇನ್ ತಮ್ಮ ಸ್ವಂತ ನಿರ್ಮಾಣ ಸಂಸ್ಥೆಗೆ ಇದೇ ಹೆಸರನ್ನು ಒಂದಕ್ಷರದ ಬದಲಾವಣೆಯೊಂದಿಗೆ ಇಟ್ಟುಕೊಂಡರು. ದ್ವೀಪದವನಾಗಿ ಕಾಣಿಸಿಕೊಳ್ಳುವ ಡ್ಯೂಕ್ ಕಹನಮೋಕು ನಿಜಕ್ಕೂ ಹವಾಯಿಯವರು, 1912 ಮತ್ತು 1920ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದವರು. ಅವರಿಗೆ ಕೊಟ್ಟ ಪಾತ್ರ ಮಾತ್ರ ಚಿಕ್ಕದು.

ನೀರಿನಡಿಯ ಕಾಳಗದಲ್ಲಿ ಈ ಚಿತ್ರ ಸೋಲುತ್ತದೆ. ಮುತ್ತಿನ ಪೆಟ್ಟಿಗೆ ಕಾಯುವ ಆಕ್ಟೋಪಸ್ ಕೈಗಳಿಗೆ ತನ್ನದೇ ಇರಾದೆ ಇದ್ದಂತಿಲ್ಲ. ವೇನ್ ತಾವೇ ಕೈಯೊಂದನ್ನು ಎಳೆದು ಮೈಗೆ ಸುತ್ತಿಕೊಳ್ಳುವಂತೆ ಕಾಣುತ್ತದೆ. ಎಡ್ ವುಡ್ ಎಂಬ ಬಡ ನಿರ್ಮಾಪಕ ಮುಂದೆ ಇದೇ ಗೊಂಬೆಯನ್ನು ಗೋದಾಮಿನಿಂದ ಹಾರಿಸಿಕೊಂಡು ಹೋಗಿ, ಮೋಟಾರು ತರಲು ಮರೆತ ಎಂಬ ಕತೆ ಸಿನಿಮಾ ಮಂದಿಯಲ್ಲಿ ಚಾಲ್ತಿಯಲ್ಲಿದೆ. ಕತೆ ನಿಜವೋ ಸುಳ್ಳೋ, ಮೋಟಾರು ಇದ್ದಾಗಲೂ ದೊಡ್ಡ ವ್ಯತ್ಯಾಸವಿರಲಿಲ್ಲ. ಕೊನೆಯ ಡೈವಿಂಗ್ ಬೇರೆ ಮಾತು. ಬಂಡೆಯ ಅಂಚಿನಲ್ಲಿ ವಾಲಿ ನಿಂತ ಹಡಗಿನೊಳಗೆ ಚಿನ್ನಕ್ಕಾಗಿ ಇಳಿದವನ ಮೇಲೆ ಮರದ ದಿಮ್ಮಿಗಳು ನರಳುವ ಸದ್ದು ಕೇಳುತ್ತದೆ. ಇಲ್ಲಿ ಪ್ರಾಣಿ ಇಲ್ಲ, ಸದ್ದೇ ಸಾಕಾಗಿದೆ.

'ಚೈನಾ ಸೀಸ್' ಬೇಗ ಮುಗಿಯುವಂಥದ್ದು, ಒಂದೂವರೆ ಗಂಟೆಯೊಳಗೆ. ನಿರ್ದೇಶಕ ಟೇ ಗಾರ್ನೆಟ್. ಹಾಂಗ್‌ಕಾಂಗ್‌ನಿಂದ ಸಿಂಗಾಪುರಕ್ಕೆ ಹೊರಟ ಕಿನ್ ಲುಂಗ್ ಹಡಗು, ಅದರ ಕ್ಯಾಪ್ಟನ್ ಕ್ಲಾರ್ಕ್ ಗೇಬಲ್. ತ್ರಿಕೋನ ಇಲ್ಲಿ ತಿರುವುಮುರುವು: ಗಂಡಸು ಒಬ್ಬ, ಹೆಂಗಸರು ಇಬ್ಬರು, ಬಾಯಿಬಡುಕಿ ಡಾಲಿ (ಜೀನ್ ಹಾರ್ಲೋ) ಮತ್ತು ಗೌರವಸ್ಥೆ ಸಿಬಿಲ್ (ರೊಸಲಿಂಡ್ ರಸೆಲ್). ಹೊಟ್ಟೆಕಿಚ್ಚು ಬಂದು ತಗಲುವುದು ಒಂದು ಬೀಗದ ಕೈಗೆ. ಕ್ಯಾಪ್ಟನ್ನಿನ ಮೇಲಿನ ಸಿಟ್ಟಿಗೆ ಡಾಲಿ ಶಸ್ತ್ರಾಗಾರದ ಕೀಲಿ ತೆಗೆದು ಕಡಲ್ಗಳ್ಳರ ಕಡೆಯ ಮ್ಯಾಕಾರ್ಡಲ್ (ವಾಲೆಸ್ ಬೀರಿ) ಕೈಗಿಡುತ್ತಾಳೆ. ಆ ಕೀಲಿಗೆ ಅಷ್ಟು ತೂಕ ಯಾಕೆ ಎನ್ನಲು ಆ ಕಾಲದ ವಾಸ್ತವ ಗೊತ್ತಿರಬೇಕು. 1920-30ರ ದಶಕಗಳಲ್ಲಿ ಹಾಂಗ್‌ಕಾಂಗ್ ಬಳಿಯ ಬಯಾಸ್ ಬೇ ಕೊಲ್ಲಿಯ ಕಳ್ಳರು ಬೇರೆ ಹಡಗಿನಿಂದ ಏರಿ ಬರುತ್ತಿರಲಿಲ್ಲ, ಟಿಕೆಟ್ ತೆಗೆಸಿ ಪ್ರಯಾಣಿಕರಾಗಿಯೇ ಬರುತ್ತಿದ್ದರು. ಅದಕ್ಕೇ ಹಡಗುಗಳಲ್ಲಿ ಕ್ಯಾಪ್ಟನ್ ನಿಂತು ಹಡಗು ನಡೆಸುವ ಮೇಲಿನ ಭಾಗಕ್ಕೆ (ಬ್ರಿಜ್) ಕಬ್ಬಿಣದ ಜಾಲರಿ, ಕಾವಲುಗಾರರು.

ಬಿರುಗಾಳಿಯಲ್ಲಿ ಕಟ್ಟು ಬಿಚ್ಚಿಕೊಂಡ ರಸ್ತೆ ರೋಲರ್ ಡೆಕ್ಕಿನ ಮೇಲೆ ಅತ್ತಿಂದಿತ್ತ ಉರುಳುವ ದೃಶ್ಯಕ್ಕೆ ಉಳಿದೆರಡು ಚಿತ್ರಗಳಲ್ಲಿ ಸಾಟಿಯಿಲ್ಲ. ಅಲೆಗಿಂತ ಅದರ ಭಾರ ಹೆದರಿಸುತ್ತದೆ, ಹಡಗು ಯಾವ ಕಡೆ ವಾಲಿದರೂ ಅದು ಆ ಕಡೆಗೆ. ಚೀನೀಯರ ಚಿತ್ರಣ ಮಾತ್ರ ಇಂದು ಮುಜುಗರ ತರಿಸುತ್ತದೆ. ಸಿಬಿಲ್ ಪಾತ್ರ ತೆಳು; ಹಾರ್ಲೋ ಎದುರು ಯಾರಿಗೂ ಗೆಲ್ಲುವ ಅವಕಾಶವೇ ಇಲ್ಲವಾದ್ದರಿಂದ ತ್ರಿಕೋನದ ಒಂದು ಭುಜ ಮೊದಲೇ ಮುರಿದಿದೆ.

ನೋಡುವಾಗ ಒಂದೆರಡು ಎಚ್ಚರ. ಮೂರೂ ಚೌಕ ಚೌಕಟ್ಟಿನವು, ಅಗಲ 1.37ಕ್ಕೆ ಎತ್ತರ 1. ಟಿವಿ ತುಂಬುವಂತೆ ಎಳೆದರೆ ಹಡಗು ಗಿಡ್ಡ, ಗೇಬಲ್ ದಪ್ಪ. ಅಕ್ಕಪಕ್ಕದ ಕಪ್ಪುಪಟ್ಟಿ ಹಾಗೇ ಇರಲಿ. ಚಲನೆ ನಯಗೊಳಿಸುವ ಟಿವಿ ಸೌಲಭ್ಯವನ್ನು ತಪ್ಪದೆ ಆಫ್ ಮಾಡಿ. ನಿಧಾನ ಮಾಡಿ ಕಷ್ಟಪಟ್ಟು ತಂದ ಮಾದರಿ ಹಡಗಿನ ಭಾರವನ್ನು ಅದು ಹಾಳುಮಾಡಿ ಆಟಿಕೆ ಮಾಡಿಬಿಡುತ್ತದೆ. 'ರೆಡ್ ವಿಚ್'ನ ನೀರಿನಡಿ ದೃಶ್ಯಗಳಿಗೆ ಕೋಣೆಯ ದೀಪ ಆರಿಸಲೇಬೇಕು, ಇಲ್ಲದಿದ್ದರೆ ಬೂದು-ಕಪ್ಪಿನ ನಡುವೆ ಹಗ್ಗ ಯಾವುದು, ಗಾಳಿಯ ಕೊಳವೆ ಯಾವುದು ಎಂದು ಬೇರೆ ಗೊತ್ತಾಗದು. 'ರೀಪ್' ಮಾತ್ರ ದೊಡ್ಡ ಪರದೆ ಬೇಡುತ್ತದೆ. ಒಂದೇ ಸಂಜೆ ಇರುವವರು ಅದನ್ನೇ ಹಾಕಿಕೊಳ್ಳಲಿ. ಎರಡು ಸಂಜೆ ಇದ್ದರೆ ಮಾರನೆಯ ದಿನ 'ರೆಡ್ ವಿಚ್': ಮೊದಲನೆಯದರಲ್ಲಿ ಹಡಗು ಒಡೆದು ತಪ್ಪೊಪ್ಪಿಕೊಂಡ ಜಾನ್ ವೇನ್, ಇಲ್ಲಿ ಹಡಗು ಒಡೆದೂ ಬಾಯಿ ಬಿಡುವುದಿಲ್ಲ.